ಗಾಜಿನೊಳಗೆ ಒಂದು ದುಂಡು ಗುರುತು

ಮುನಿಸಿಪಾಲಿಟಿ ಕನ್ನಡ ಶಾಲೆಯ ನಾಲ್ಕನೇ ಕ್ಲಾಸು:
ಹನ್ನೊಂದು ಮಕ್ಕಳು, ನಾನೊಬ್ಬಳೇ ಟೀಚರು,
ಸಾಲಿನ ಬಾಲ ಹಿಡಿಯಲು ನನ್ನ ಮಾವ ಮೊಯ್ದಿನಬ್ಬ.
ಡಾಕ್‌ಯಾರ್ಡ್ ರೋಡಿನಿಂದ ಲೋಕಲ್ ಹಿಡಿದು
ಉಳಿದ ದಾರಿ ನಡೆದು, ಮ್ಯೂಸಿಯಮ್ಮಿನ ಗುಮ್ಮಟದ ಕೆಳಗೆ
ಚಪ್ಪಲಿ ಸದ್ದು ಮಾಡುತ್ತ ನಿಂತೆವು.

ಮಾವ ಚಿತ್ರಗಳನ್ನು ನೋಡಲಿಲ್ಲ.
ಚಿತ್ರ ತೂಗಿದ ಮೊಳೆ ನೋಡಿದರು, ಗಾಜಿನ ಮೂಲೆಯ ಸ್ಕ್ರೂ,
ಕಂಚಿನ ದೇವಿಯ ಹಿಂದೆ ಬಗ್ಗಿ
ಅವಳನ್ನು ಯಾವುದಕ್ಕೆ ಬಿಗಿದಿದ್ದಾರೆ ಎಂದು.
ಕಾವಲಿನವ ಕೆಮ್ಮಿದ. ಇವರು ಸಲಾಂ ಹೇಳಿದರು,
ಅದೇ ಪಾಳಿಯ ಗೆಳೆಯನಿಗೆ ಹೇಳುವ ಹಾಗೆ.

ಮೇಲಿನ ಮಹಡಿಯಲ್ಲಿ ಒಂದು ಖಾಲಿ ಗಾಜಿನ ಪೆಟ್ಟಿಗೆ.
ದೀಪ ಉರಿಯುತ್ತಿತ್ತು.
ರಿಪೇರಿಗೆ ಒಯ್ದಿದೆ ಎಂದು ಮರಾಠಿಯಲ್ಲಿ ಚೀಟಿ.
"ಅಜ್ಜಾ, ಇದರಾಗ ಏನಿತ್ತು?"
ಹುಲಿಗೆಮ್ಮ ಮೂಗನ್ನು ಗಾಜಿಗೆ ಒತ್ತಿ ಕೇಳಿದಳು.
ಮಾವ ಕನ್ನಡಕ ಹಣೆಗೇರಿಸಿ ಧೂಳನ್ನು ಓದಿದರು:
"ತಳ ದುಂಡಗೆ. ಒಂದು ಗೇಣು.
ಹಿಡಿ ಇತ್ತು, ಆ ಕಡೆಗೆ. ನೋಡು, ಭಾರಕ್ಕೆ ಮಕಮಲ್ಲು ತಗ್ಗಿದೆ.
ಹೂಜಿ. ಕುಡಿಯಲಿಕ್ಕಲ್ಲ, ಕೈತೊಳೆಯಲು."
ಎಂದವರು ಅಲ್ಲೇ ನೆಲಕ್ಕೆ ಕೂತುಬಿಟ್ಟರು.

ನನಗೆ ಗೊತ್ತಿದ್ದದ್ದು ಇಷ್ಟೇ:
ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಆಪೂಸಿಗೆ ಹುಲ್ಲು ಹಾಸುತ್ತಿದ್ದ ಹುಡುಗ
ಕುವೈತಿಗೆ ಹೋದ; ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಒರೆಸುವ, ಕಟ್ಟುವ ಕೆಲಸ;
ತೊಂಬತ್ತರಲ್ಲಿ ಉಟ್ಟ ಬಟ್ಟೆಯಲ್ಲಿ ಬಂದಿಳಿದ.
ಮಿಕ್ಕದ್ದು ಅವರು ಹೇಳಿದ್ದು ಅವತ್ತು, ಆ ತಣ್ಣನೆ ಕಲ್ಲಿನ ಮೇಲೆ,
ಮಕ್ಕಳು ಸುತ್ತ ಚಕ್ಕಳಮಕ್ಕಳ ಹಾಕಿದ ಮೇಲೆ.

ಸೈನಿಕರು ಒಡೆಯಲು ಬರಲಿಲ್ಲವಂತೆ. ಪಟ್ಟಿ ಹಿಡಿದು ಬಂದರಂತೆ.
ಜೊತೆಗೊಬ್ಬ ಅಧಿಕಾರಿ, ಬಹಳ ಓದಿದವನು,
ಪ್ರತಿ ಪಾತ್ರೆಯ ವಯಸ್ಸು ಬಾಯಿಪಾಠ.
"ಶ್ವೈ ಶ್ವೈ" ಎನ್ನುತ್ತಿದ್ದನಂತೆ. ಮೆಲ್ಲಗೆ, ಮೆಲ್ಲಗೆ.
ಬಂದೂಕಿನ ಹುಡುಗ ಹತ್ತಿ ಹಿಂಜಿ ಕೊಡುತ್ತಿದ್ದ.
ಹೊರಲಾಗದ ಮರದ ಬಾಗಿಲೊಂದು ಅಂಗಳದಲ್ಲಿ ಉರಿಯುತ್ತಿತ್ತು;
ಆ ಬೆಳಕಿನಲ್ಲೇ ಕಟ್ಟಿದೆ, ಅಂದರು.

"ಕೆಟ್ಟದಾಗಿ ಕಟ್ಟಬಹುದಿತ್ತು. ಬರಲಿಲ್ಲ.
ಮಾವಿನಹಣ್ಣು ಯಾರದ್ದೆಂದು ಕೈಗೆ ಗೊತ್ತಾಗುವುದಿಲ್ಲ ಮಗಾ,
ಪೆಟ್ಟಾಗುತ್ತದೆ ಎಂಬುದೊಂದೇ ಗೊತ್ತು."

ಹೆಸರಿನ ಚೀಟಿಗಳನ್ನೆಲ್ಲ ಕಿತ್ತು ಸುಡು ಎಂದು ಅಪ್ಪಣೆ.
ಕಿತ್ತರು. ಸುಡಲಿಲ್ಲ.
ಒಂದೊಂದನ್ನೂ ಅದರದರ ಬಾಯೊಳಗೆ, ಹತ್ತಿಯ ಅಡಿ, ಮಡಚಿಟ್ಟರು,
ಉರೂಸಿನ ಗದ್ದಲಕ್ಕೆ ಹೊರಟ ಮಗುವಿನ ಜೇಬಿನಲ್ಲಿ
ತಾಯಿ ವಿಳಾಸ ಇಡುವ ಹಾಗೆ.
ಹದಿನೈದು ದಿನ. ಲಾರಿಗಳು ಬಾಗ್ದಾದಿನ ದಾರಿ ಹಿಡಿದವು.

ಆಮೇಲೆ ಅಮ್ಮಾನಿನ ಬಯಲು, ವಿಮಾನಕ್ಕೆ ಸಾಲು,
ಬೀಡಿಗೆಂದು ಜೇಬು ತಡಕಿದರೆ
ಒಂದು ಚೀಟಿ.

ಯುದ್ಧ ಮುಗಿದು ಪೇಪರಿನಲ್ಲಿ ಬಂತು: ಬಹಳಷ್ಟು ಮರಳಿವೆ.
'ಬಹಳಷ್ಟು.'
ಆ ಪದವನ್ನು ಮಾವ ಮಕ್ಕಳೆದುರು ಎರಡು ಸಲ ಹೇಳಿದರು,
ಹಲ್ಲಿಗೆ ಕಲ್ಲು ಸಿಕ್ಕವರಂತೆ.

ಆ ಚೀಟಿ ನಾನೂ ಕಂಡಿದ್ದೆ.
ರೇಶನ್ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ; ಹಳೇ ಲೈಟ್ ಬಿಲ್ಲೆಂದು
ಎರಡು ಬಾರಿ ಎಸೆಯಲು ಹೋಗಿದ್ದೆ.
ಬೆವರು ತಿಂದು ಉಳಿದದ್ದು ಒಂದು ಅಂಕಿ, ಮುಕ್ಕಾಲು ಅಕ್ಷರ.
ಯಾವುದರ ಹೆಸರು?
ಅವರಿಗೇ ನೆನಪಿಲ್ಲ. ಕೈಗೆ ನೆನಪಿದೆ ಅನ್ನುತ್ತಾರೆ,
ಕೈ ಹೇಳುವುದಿಲ್ಲ.

ಕಾವಲಿನವ ಬಂದು ಬಾಗಿಲು ಹಾಕುವ ಹೊತ್ತಾಯಿತು ಅಂದ.
ಮಾವನಿಗೆ ಕೈ ಕೊಟ್ಟು ಎಬ್ಬಿಸಿದವನೂ ಅವನೇ.

ಮರುದಿನ, ಕಂಡದ್ದರಲ್ಲಿ ಇಷ್ಟವಾದದ್ದನ್ನು ಬಿಡಿಸಿ ಅಂದೆ.
ನಾಲ್ಕು ಹುಲಿ, ಮೂರು ಕತ್ತಿ, ಒಂದು ಐಸ್‌ಕ್ರೀಮ್ ಗಾಡಿ.
ಹುಲಿಗೆಮ್ಮನ ಹಾಳೆಯಲ್ಲಿ ಚೌಕದೊಳಗೆ ಬಳೆ ಇಟ್ಟು ಎಳೆದ ಒಂದು ಸುತ್ತು.
ಮತ್ತೇನೂ ಇಲ್ಲ.

ರಾತ್ರಿ ನೋಟುಪುಸ್ತಕಗಳ ರಾಶಿಯಿಂದ ಮಾವ ಅದನ್ನೇ ಎತ್ತಿಕೊಂಡು
"ಹಿಡಿ ಮರೆತಿದ್ದಾಳೆ" ಎಂದು ಪೆನ್ಸಿಲು ಕೇಳಿದರು.
ಊಟಕ್ಕೆ ಕರೆದಾಗಲೂ ಪೆನ್ಸಿಲು ಬೆರಳಲ್ಲೇ ಇತ್ತು,
ಸುತ್ತಿನ ಹೊರಗೆ, ಯಾವ ಕಡೆಗೆಂದು ತಿಳಿಯದೆ.